ಚಳಿಗಾಲಕ್ಕೆ ಮೊದಲು ಬರುವ ಕೈಗಳು

ದೀಪಾವಳಿ ಕಳೆದು ಮಡಿಕೇರಿಯ ಚಳಿ ಬಲಿಯುವ ಮೊದಲು ನಮ್ಮ ಎಲೆಕ್ಟ್ರಿಷಿಯನ್ ಒಮ್ಮೆ ಮನೆಗೆ ಬಂದು ಹೋಗುತ್ತಾರೆ. ಅವರ ಕೆಲಸ ನೋಡುತ್ತಾ ನಿಂತರೆ ನನಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ಮೊದಲು ದುಡಿಯುವುದು ಅವರ ಮೂಗು. ಗೀಸರಿನ ಸಾಕೆಟ್ಟಿಗೆ ಮುಖ ತಂದು, ಕಾದ ಪ್ಲಾಸ್ಟಿಕ್ಕಿನ ಕಮಟು ಇದೆಯೇ ಎಂದು ನೋಡುತ್ತಾರೆ. ತೂತಿನ ಅಂಚಿನಲ್ಲಿ ನಮಗೆ ಕಾಣದ ಕಂದು ಛಾಯೆ ಅವರಿಗೆ ಕಂಡಿರುತ್ತದೆ. 2000 ವ್ಯಾಟಿನ ಗೀಸರ್ 230 ವೋಲ್ಟಿನಲ್ಲಿ ಸುಮಾರು 9 ಆಂಪಿಯರ್ ಎಳೆಯುತ್ತದೆ; ಸ್ಕ್ರೂ ಕೊಂಚ ಸಡಿಲವಿದ್ದರೂ ಸಾಕು, ಅಲ್ಲೇ ಬಿಸಿ ಹುಟ್ಟುತ್ತದೆ.

ನನಗೆ ತುಂಬ ಇಷ್ಟವಾಗುವುದು ಟೆಸ್ಟರ್ ಬಳಸುವ ಅವರ ರೀತಿ. ಕರೆಂಟ್ ಇರುವ ಕಡೆ ಇಟ್ಟು ಅದು ಉರಿಯುತ್ತದೆಂದು ಖಾತ್ರಿ ಮಾಡಿಕೊಂಡು, ಮೇನ್ ಆಫ್ ಮಾಡಿ ಸಾಕೆಟ್ಟಿಗೆ ಹಿಡಿದು, ಆಮೇಲೆ ಇನ್ನೊಮ್ಮೆ ಟೆಸ್ಟರನ್ನೇ ಪರೀಕ್ಷಿಸುತ್ತಾರೆ. ಎಷ್ಟು ವರ್ಷದ ಅನುಭವವಿದ್ದರೂ ಈ ಕ್ರಮ ತಪ್ಪಿಲ್ಲ. ಬಳಿಕ ಕಪ್ಪಿಟ್ಟ ತುದಿ ಕತ್ತರಿಸಿ, ತಾಮ್ರದ ಎಳೆಗಳನ್ನು ಹೆರಳಿನಂತೆ ಬಿಗಿಯಾಗಿ ಹುರಿಮಾಡಿ, ಒಂದೆಳೆಯೂ ಹೊರಗುಳಿಯದಂತೆ ಟರ್ಮಿನಲ್ಲಿಗೆ ತೂರಿಸುತ್ತಾರೆ. ಸ್ಕ್ರೂ ಬಿಗಿದು, ತಂತಿಯನ್ನು ಮೆಲ್ಲಗೆ ಎಳೆದು ನೋಡುತ್ತಾರೆ. ಆ ಎಳೆತದಲ್ಲೇ ಅವರಿಗೆ ಎಲ್ಲ ತಿಳಿಯುತ್ತದೆ.

ಮೇನ್ ಹಾಕಿದ ಮೇಲೆ ಆರ್‌ಸಿಸಿಬಿಯ ಟೆಸ್ಟ್ ಗುಂಡಿ. ಟಕ್ ಎಂದು ಬೀಳಲೇಬೇಕು. 30 ಮಿಲಿಆಂಪಿಯರ್ ಸೋರಿಕೆಗೇ ಕರೆಂಟ್ ಕಡಿಯುವ ಕಾವಲುಗಾರ ಅದು. ಕೊನೆಗೆ ಹಿತ್ತಲಿನ ಅರ್ಥಿಂಗ್ ಗುಂಡಿಗೆ ಎರಡು ಬಿಂದಿಗೆ ನೀರು. ಮಳೆ ನಿಂತು ಮಣ್ಣು ಒಣಗಿದಷ್ಟೂ ಸೋರಿದ ಕರೆಂಟು ಭೂಮಿಗಿಳಿಯುವುದು ಕಷ್ಟ, ಬೇಸಿಗೆವರೆಗೆ ಆಗಾಗ ಹಾಕುತ್ತಿರಿ ಅಮ್ಮಾ ಎನ್ನುತ್ತಾರೆ.