ಭೂರೂಪಗಳ ಪಾಠಶೋಧನೆ

ಒಂದು ಜಲಾನಯನ ಪ್ರದೇಶದಲ್ಲಿ ಬಿದ್ದ ಮಳೆಯು ಹೇಗೆ ಹರಿದು ಎಲ್ಲಿ ನಿಲ್ಲುವುದೆಂಬುದನ್ನು ಗಣಿತದಿಂದ ನಿರ್ಣಯಿಸುವವರು ಮೊದಲು ನೆಲದ ಉನ್ನತಾಂಕಗಳನ್ನು ಓದಬೇಕಾಗುತ್ತದೆ. 2000ನೆಯ ಇಸವಿಯ ಫೆಬ್ರವರಿಯಲ್ಲಿ ಅಮೆರಿಕದ ಗಗನನೌಕೆಯು ರಾಡಾರಿನಿಂದ ಅಳೆದ ಅಂಕಗಳು ಇದಕ್ಕೆ ಬಹುವಾಗಿ ಬಳಕೆಯಲ್ಲಿವೆ. ಅವುಗಳಲ್ಲಿ ಸುಮಾರು 30 ಮೀಟರಿನ ಒಂದೊಂದು ಚೌಕಕ್ಕೂ ಒಂದೊಂದು ಎತ್ತರ. ಈ ಅಂಕಜಾಲವನ್ನು ಮೂಲಗ್ರಂಥವೆಂದು ಭಾವಿಸುವುದಾದರೆ, ಅದರಲ್ಲಿ ಬೆಟ್ಟ ಕಣಿವೆಗಳನ್ನು ಗುರುತಿಸುವುದು ಅರ್ಥನಿರ್ಣಯ. ಅಂಕಗಳನ್ನು ತಿದ್ದುವುದು ಪಾಠಶೋಧನೆ. ಇವೆರಡರ ಗುಣದೋಷಗಳನ್ನು ಪ್ರಕೃತ ವಿಚಾರಿಸೋಣ.

ಅರ್ಥನಿರ್ಣಯದ ಕ್ರಮಗಳಲ್ಲಿ ಯಾಸಿಯೆವಿಚ್ ಮತ್ತು ಸ್ಟೆಪಿನ್‌ಸ್ಕಿ ಎಂಬವರು 2013ರಲ್ಲಿ ಪ್ರಕಟಿಸಿದ ‘ಜಿಯೋಮಾರ್ಫಾನ್’ ಪದ್ಧತಿಯು ಶ್ಲಾಘ್ಯವಾದುದು. ಪ್ರತಿಯೊಂದು ಚೌಕದಿಂದಲೂ ಎಂಟು ದಿಕ್ಕಿಗೆ ದೃಷ್ಟಿಯನ್ನು ಹಾಯಿಸಿ, ಅತ್ತಣ ನೆಲವು ಮೇಲೋ ಕೆಳಗೋ ಸಮವೋ ಎಂದು ನೋಡಿ, ಆ ಎಂಟು ಉತ್ತರಗಳಿಂದ ಶಿಖರ, ಏಣು, ಇಳಿಜಾರು, ತಪ್ಪಲು, ಕಣಿವೆ, ಗುಳಿ, ಬಯಲು ಮೊದಲಾದ ಹತ್ತು ರೂಪಗಳಲ್ಲಿ ಒಂದನ್ನು ನಿಶ್ಚಯಿಸುವುದು ಇದರ ರೀತಿ. ‘ಸೈಂಧವ’ವೆಂದರೆ ಊಟದ ಹೊತ್ತಿನಲ್ಲಿ ಉಪ್ಪು, ಪ್ರಯಾಣದ ಹೊತ್ತಿನಲ್ಲಿ ಕುದುರೆ, ಹಾಗೆಯೇ ಇಲ್ಲಿಯೂ ಪ್ರಕರಣವೇ ಅರ್ಥಕ್ಕೆ ನಿಯಾಮಕ. ಆದರೆ ದೃಷ್ಟಿಯನ್ನು ಎಷ್ಟು ದೂರ ಹಾಯಿಸಬೇಕೆಂಬುದನ್ನು ಬಳಸುವವನೇ ಗೊತ್ತುಮಾಡಬೇಕು. ಹತ್ತಿರ ನೋಡಿದಾಗ ಶಿಖರವೆನಿಸಿದ ದಿಬ್ಬವು ದೂರ ನೋಡಿದಾಗ ಕಣಿವೆಯ ಭಾಗವಾಗಬಹುದು. ಆದುದರಿಂದ ದೂರವನ್ನು ತಿಳಿಸದ ಭೂರೂಪಪಟವು ಪ್ರಕರಣವನ್ನು ಬಿಟ್ಟ ವ್ಯಾಖ್ಯಾನದಂತೆ ಅವಿಶ್ವಸನೀಯ.

ಪಾಠಶೋಧನೆಯಲ್ಲಿರುವ ದೋಷವು ಇದಕ್ಕಿಂತ ಗುರುತರವಾದುದು. ಹರಿವಿನ ದಿಕ್ಕನ್ನು ಗಣಿಸುವಾಗ ಗುಳಿಯಲ್ಲಿ ಸಿಕ್ಕಿದ ನೀರು ಮುಂದೆ ಸಾಗದು. ಆ ಕಾರಣ ಗುಳಿಗಳನ್ನು ಅವುಗಳ ಅಂಚಿನ ಅತಿ ತಗ್ಗಾದ ಸ್ಥಳದ ಮಟ್ಟಕ್ಕೆ ತುಂಬಿಬಿಡುವ ರೂಢಿಯು 1980ರ ದಶಕದಿಂದಲೂ ನಡೆದುಬಂದಿದೆ. ದಟ್ಟವಾದ ಮರಗಳ ನೆತ್ತಿಯನ್ನು ರಾಡಾರು ನೆಲವೆಂದು ಎಣಿಸುವುದರಿಂದ ಹುಟ್ಟುವ ಸುಳ್ಳುಗುಳಿಗಳಿಗೆ ಈ ಚಿಕಿತ್ಸೆ ಯುಕ್ತವೇ. ಆದರೆ ಕೋಲಾರದಂತಹ ಬಯಲುಸೀಮೆಯಲ್ಲಿ ಏರಿಯ ಹಿಂದಣ ಕೆರೆಯಂಗಳವೂ ಯಂತ್ರಕ್ಕೆ ಗುಳಿಯೇ. ತುಂಬಿದೊಡನೆ ಕೆರೆಯು ಲುಪ್ತ. ಏರಿಯು ಚೌಕಕ್ಕಿಂತ ಕಿರಿದಾದರೆ ಅಂಕಗಳಲ್ಲಿ ಅದು ಮಸುಕಾಗಿ, ಕೆರೆಯು ಬರಿಯ ಬಯಲೆನಿಸಬಹುದು. ಎರಡು ಪಕ್ಷದಲ್ಲಿಯೂ, ಮೇಲಣ ಕೆರೆಯ ಕೋಡಿಯ ನೀರು ಕೆಳಗಣ ಕೆರೆಗೆ ಇಳಿಯುವ ಸರಣಿಯು ಕಾಣೆಯಾಗಿ, ನಿಲ್ಲುವ ನೀರು ಹರಿಯುವ ನೀರೆಂದು ಗಣಿತವಾಗುವುದು. ಪ್ರವಾಹದ ಅಂದಾಜು ಹೆಚ್ಚುವುದು. ಇಂಗುವ ನೀರಿನ ಅಂದಾಜು ತಗ್ಗುವುದು. ತನಗೆ ತಿಳಿಯದ ಪ್ರಾಚೀನ ಶಬ್ದವನ್ನು ಲಿಪಿಕಾರನ ಪ್ರಮಾದವೆಂದು ಅಳಿಸುವ ಸಂಪಾದಕನ ಸಾಹಸಕ್ಕೂ ಇದಕ್ಕೂ ಭೇದವೇನು?

ಕೆರೆಗಳನ್ನು ಪ್ರತ್ಯೇಕವಾಗಿ ಸೇರಿಸಲು ಅವಕಾಶವುಳ್ಳ ಮಾದರಿಗಳೂ ಇವೆಯಲ್ಲವೇ ಎಂದು ಆಕ್ಷೇಪಿಸಬಹುದು. ಇವೆ, ನಿಜ, ಆದರೆ ಯಾವುದು ಕೆರೆ, ಯಾವುದು ಅಳತೆಯ ತಪ್ಪು ಎಂಬ ವಿವೇಕವು ಅಂಕಗಳಿಂದ ಮಾತ್ರವೇ ಲಭಿಸದು. ಏರಿ, ಕೋಡಿ, ತೂಬುಗಳ ನೆಲೆಯನ್ನು ಗ್ರಾಮದ ನಕ್ಷೆಗಳಿಂದಲೂ, ಊರವರ ಮಾತಿನಿಂದಲೂ, ಕೆರೆ ಕಟ್ಟಿಸಿದುದನ್ನು ಹೇಳುವ ಶಾಸನಗಳಿಂದಲೂ ಅರಿಯಬೇಕು. ಈ ಕಾರ್ಯದಲ್ಲಿ ಶಾಸನಪಾಠಗಳ ಪರಿಶ್ರಮವುಳ್ಳ ನಮ್ಮ ವಿದ್ವಾಂಸರಿಗೂ ಪಾಲುಂಟು. ಗುಳಿಯನ್ನು ತುಂಬುವ ಮೊದಲು, ಅದು ಯಾರಾದರೂ ಕಟ್ಟಿಸಿದ ಕೆರೆಯೋ ಎಂದು ವಿಚಾರಿಸುವುದು ಗಣಿತಜ್ಞನ ಪ್ರಥಮ ಕರ್ತವ್ಯವಾಗಬೇಕು.