ಎರಡನೇ ಸಿ3 ಎಲ್ಲಿ?

ಗಂಟಲುನೋವೋ ಕಜ್ಜಿಯೋ ವಾಸಿಯಾದ ಮೇಲೆ ಮಗುವಿನ ಮುಖ ಊದಿ, ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಕಾಯಿಲೆ ಯಾವುದೆಂದು ಕಡೂರು, ತರೀಕೆರೆ, ಅಜ್ಜಂಪುರದ ಯಾವ ವೈದ್ಯರಿಗೂ ಹೇಳಿಕೊಡಬೇಕಿಲ್ಲ. ನನ್ನ ತಕರಾರು ರಕ್ತದ ಸಿ3 ಪರೀಕ್ಷೆಗೆ ಸಿಕ್ಕಿರುವ ಹೆಸರಿನ ಬಗ್ಗೆ. ಆ ಹೆಸರೆಲ್ಲ ಮೊದಲ ವರದಿಯ ಪಾಲಾಗಿದೆ; ಸಲ್ಲಬೇಕಾದದ್ದು ಎರಡನೆಯದಕ್ಕೆ.

"ಸಿ3 ಕಡಿಮೆ." ಈ ಒಂದು ಸಾಲನ್ನು ನಿಧಾನವಾಗಿ ಓದೋಣ. ಸ್ಟ್ರೆಪ್ಟೊಕಾಕಸ್ ನಂತರದ ನೆಫ್ರೈಟಿಸ್‌ನಲ್ಲಿ ಮೊದಲ ಎರಡು ವಾರ ಸುಮಾರು ಶೇ 90ರಷ್ಟು ಮಕ್ಕಳಲ್ಲಿ ಸಿ3 ಇಳಿದಿರುತ್ತದೆ, ಸಿ4 ಸಾಮಾನ್ಯವಾಗಿ ಹಾಗೇ ಇರುತ್ತದೆ. ಎರಡೂ ಇಳಿದಿದ್ದರೆ ಲೂಪಸ್ ಅನ್ನು ನೆನೆಯಲೇಬೇಕು. ಸಿ3 ಅಂಕಿ 40 ಇರುವ ಮಗುವಿಗಿಂತ 20 ಇರುವ ಮಗುವಿಗೆ ಕಾಯಿಲೆ ಜೋರು ಎಂದು ಮನೆಯವರು ಹೆದರುತ್ತಾರೆ. ಹಾಗಲ್ಲ. ಜೋರನ್ನು ಹೇಳುವುದು ರಕ್ತದೊತ್ತಡ, ಮೂತ್ರದ ಪ್ರಮಾಣ, ಕ್ರಿಯಾಟಿನಿನ್. ಇನ್ನು ಎಎಸ್‌ಒ ಒಂದನ್ನೇ ನೆಚ್ಚಿಕೊಳ್ಳುವಂತಿಲ್ಲ: ಕಜ್ಜಿಯಿಂದ ಬಂದ ಕಾಯಿಲೆಯಲ್ಲಿ ಅದು ಏರದೆಯೂ ಇರಬಹುದು, ಇತ್ತ ಸಿ3 ಗ್ಲೊಮೆರುಲೊಪತಿ ಎಂಬ ಬೇರೆಯೇ ರೋಗ ಕೂಡ ಗಂಟಲುನೋವಿನ ಬೆನ್ನಿಗೇ ಕಾಣಿಸಿಕೊಳ್ಳಬಹುದು. ಮೊದಲ ದಿನ ಇವೆರಡೂ ಒಂದೇ ಮುಖ ಹೊತ್ತು ಬರುತ್ತವೆ. ಬೇರ್ಪಡಿಸುವುದು ಕಾಲ. ಸ್ಟ್ರೆಪ್ಟೊಕಾಕಸ್‌ನದಾದರೆ ಸಿ3 6ರಿಂದ 8 ವಾರದೊಳಗೆ ಮೇಲೇರುತ್ತದೆ. 12 ವಾರವಾದರೂ ಏರದಿದ್ದರೆ ಮೂತ್ರಪಿಂಡದ ಬಯಾಪ್ಸಿಯ ಮಾತು ಬರುತ್ತದೆ.

"ಬಹುತೇಕ ಮಕ್ಕಳು ತಾವಾಗಿಯೇ ಗುಣವಾಗುತ್ತಾರೆ, ಎರಡನೇ ಪರೀಕ್ಷೆ ದುಡ್ಡು ದಂಡ" ಎನ್ನುವವರಿದ್ದಾರೆ. ಮೊದಲರ್ಧ ನಿಜ, ನಾನೂ ಒಪ್ಪುತ್ತೇನೆ. ಆದರೆ ಗುಣವಾಗದ ಆ ಕೆಲವು ಮಕ್ಕಳನ್ನು ಇವರು ಯಾವುದರಿಂದ ಗುರುತಿಸುತ್ತಾರೆ? ಊತ ಇಳಿದ ಮಗು ಆಟಕ್ಕೆ ಓಡುತ್ತದೆ. ರಕ್ತದಲ್ಲಿ ಸಿ3 ಮಾತ್ರ ಕೆಳಗೇ ಉಳಿದಿರಬಹುದು. ಅದನ್ನು ಕಣ್ಣಿನಿಂದ ಕಾಣಲಾಗದು. ಇನ್ನೊಂದು ಪಂಗಡ ಮೊದಲ ವಾರವೇ ಬಯಾಪ್ಸಿಗೆ ಅವಸರಿಸುತ್ತದೆ. ಕ್ರಿಯಾಟಿನಿನ್ ದಿನದಿನಕ್ಕೆ ಏರುತ್ತಿಲ್ಲ, ಬೇರೆ ಅನುಮಾನವೂ ಇಲ್ಲ ಎಂದಾದರೆ ಅದು ಅನ್ಯಾಯ. ಇಬ್ಬರಿಗೂ ಕಾಯುವ ತಾಳ್ಮೆ ಇಲ್ಲ ಎಂಬುದೇ ನನ್ನ ದೂರು.

ಅಜ್ಜಂಪುರದ ಈರುಳ್ಳಿ ಹೊಲದಲ್ಲಿ ದುಡಿಯುವ ತಾಯಿಗೆ ಆಸ್ಪತ್ರೆಯ ಒಂದು ಓಡಾಟವೆಂದರೆ ಒಂದು ದಿನದ ಕೂಲಿ. "ಆಮೇಲೆ ಬನ್ನಿ" ಎಂದರೆ ಆಕೆ ಬರುವುದಿಲ್ಲ, ತಪ್ಪು ಆಕೆಯದಲ್ಲ. ಡಾಕ್ಟರೇ, ಮಗುವನ್ನು ಮನೆಗೆ ಕಳಿಸುವ ಚೀಟಿಯಲ್ಲೇ ಎಂಟನೇ ವಾರದ ತಾರೀಖು ಹಾಕಿ, ಅದರ ಮುಂದೆ ಸಿ3 ಎಂದು ಬರೆದುಕೊಡಿ.