ಐದು ಗಜದ ಓದು

ಮೈಕಲ್ ಲೂಯಿಸ್ ಅವರ 'ದಿ ಬ್ಲೈಂಡ್ ಸೈಡ್' (2006) ಪುಸ್ತಕ ಒಂದು ಕಾಲು ಮುರಿಯುವುದರೊಂದಿಗೆ ಶುರುವಾಗುತ್ತದೆ. 1985ರ ನವೆಂಬರ್ 18ರ ರಾತ್ರಿ, ವಾಷಿಂಗ್ಟನ್‌ನಲ್ಲಿ ಅಮೆರಿಕನ್ ಫುಟ್‌ಬಾಲ್ ಪಂದ್ಯ. ಕ್ವಾರ್ಟರ್‌ಬ್ಯಾಕ್ ಜೋ ಥೈಸ್‌ಮನ್ ಚೆಂಡು ಹಿಡಿದು ದೂರಕ್ಕೆ ನೋಡುತ್ತಿದ್ದಾರೆ. ಅವರ ಕಣ್ಣಿಗೆ ಬೀಳದ ದಿಕ್ಕಿನಿಂದ ಲಾರೆನ್ಸ್ ಟೇಲರ್ ನುಗ್ಗಿ ಬರುತ್ತಾರೆ. ಕೆಲವೇ ಸೆಕೆಂಡುಗಳ ಕಥೆ. ಲೂಯಿಸ್ ಅದನ್ನು ಎಳೆ ಎಳೆಯಾಗಿ ಬಿಡಿಸಿ ಹೇಳುತ್ತಾರೆ. ಥೈಸ್‌ಮನ್ ಮತ್ತೆಂದೂ ಆಡಲಿಲ್ಲ.

ಆ ಗಳಿಗೆಯಲ್ಲಿ ವಾಷಿಂಗ್ಟನ್ ಆಡುತ್ತಿದ್ದದ್ದು ಮೊದಲೇ ಹೆಣೆದಿಟ್ಟ ಒಂದು ಮೋಸದಾಟ. ಥೈಸ್‌ಮನ್ ಚೆಂಡನ್ನು ಓಟಗಾರ ಜಾನ್ ರಿಗಿನ್ಸ್ ಕೈಗೆ ಕೊಡುತ್ತಾರೆ. ರಿಗಿನ್ಸ್ ಅದನ್ನು ತಿರುಗಿಸಿ ಥೈಸ್‌ಮನ್‌ಗೇ ಎಸೆಯುತ್ತಾರೆ. ಎದುರಾಳಿಗಳು ಇದು ಓಟವೆಂದು ನಂಬಿ ಮುಂದೆ ಬಂದರೆ ಹಿಂದೆ ಬಯಲು ಖಾಲಿ. ಆಗ ದೂರದ ಪಾಸ್. ಚೆಂದದ ಯೋಜನೆಯೇ. ಆದರೆ ಅದು ಬೇಡುತ್ತಿದ್ದದ್ದು ಸಮಯವನ್ನು. ಆ ಸಮಯ ಅಲ್ಲಿರಲಿಲ್ಲ.

ಪುಸ್ತಕದ ಮುಖ್ಯ ಕಥೆ ಮೈಕಲ್ ಓಹರ್ ಎಂಬ ಬಡ ಹುಡುಗ ಆಟಗಾರನಾದದ್ದು. 2009ರ ಸಿನಿಮಾ ಮಾಡಿಕೊಂಡದ್ದೂ ಅದನ್ನೇ. ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಅದರ ಪಕ್ಕದಲ್ಲಿ ಹರಿಯುವ ಇನ್ನೊಂದು ಕಥೆ. ಹತ್ತಿರಕ್ಕೆ, ಬೇಗನೆ, ಅಪಾಯವಿಲ್ಲದೆ ಎಸೆಯುವ ಸಣ್ಣ ಪಾಸ್ ಹೇಗೆ ಈ ಆಟವನ್ನೇ ಬದಲಿಸಿತು ಎಂಬ ಕಥೆ ಅದು. ಲೂಯಿಸ್ ಅದನ್ನು ಸೊಗಸಾಗಿ ಹೇಳಿದ್ದಾರೆ. ಆದರೆ ಅದರಿಂದ ಅವರು ತೆಗೆಯುವ ಅರ್ಥದ ಬಗ್ಗೆ ನನಗೊಂದು ತಕರಾರಿದೆ.

ಆಟ ಗೊತ್ತಿಲ್ಲದವರಿಗೆ ಇಷ್ಟು ಸಾಕು. ಚೆಂಡು ಕೈಯಲ್ಲಿರುವ ತಂಡಕ್ಕೆ ಹತ್ತು ಗಜ ಮುಂದೆ ಸಾಗಲು ನಾಲ್ಕು ಅವಕಾಶ. ಒಂದೊಂದು ಅವಕಾಶವೂ ಒಂದು 'ಡೌನ್'. ಹತ್ತು ಗಜ ದಾಟಿದರೆ ಮತ್ತೆ ನಾಲ್ಕು ಸಿಗುತ್ತವೆ. ದಾಟದಿದ್ದರೆ ಚೆಂಡು ಎದುರಾಳಿಗೆ. ಕ್ವಾರ್ಟರ್‌ಬ್ಯಾಕ್ ಎಸೆದ ಚೆಂಡನ್ನು ಎದುರಾಳಿ ಗಾಳಿಯಲ್ಲೇ ಹಿಡಿದರೆ ಅದು ಇಂಟರ್‌ಸೆಪ್ಷನ್. ಇದ್ದ ಅವಕಾಶಗಳೆಲ್ಲ ಅಲ್ಲಿಗೆ ಮುಗಿದವು. ದೂರದವರು ಸಿಗದಾಗ ಕೊನೆಗೆ ಹತ್ತಿರದವನಿಗೆ ಚೆಂಡು ದಾಟಿಸುವುದಕ್ಕೆ 'ಚೆಕ್‌ಡೌನ್' ಎನ್ನುತ್ತಾರೆ. ಇದು ತಾಂತ್ರಿಕ ಪದ. ಆದರೆ ಟಿವಿ ಚರ್ಚೆಗಳಲ್ಲಿ ಅದು ಬೈಗುಳದ ಹಾಗೆ ಕೇಳಿಸುತ್ತದೆ. ಪದೇ ಪದೇ ಚೆಕ್‌ಡೌನ್ ಮಾಡುವವನನ್ನು 'ಗೇಮ್ ಮ್ಯಾನೇಜರ್' ಎಂದು ಕರೆದರೆ ಅರ್ಥ ಇಷ್ಟೇ: ಇವನು ಗುಮಾಸ್ತ, ವೀರನಲ್ಲ.

ಸಣ್ಣ ಪಾಸಿನ ಕಥೆಯೂ ಒಂದು ಗಾಯದಿಂದಲೇ ಶುರುವಾಗುತ್ತದೆ. 1969ರಲ್ಲಿ ಓಹಾಯೊ ರಾಜ್ಯದ ಸಿನ್ಸಿನಾಟಿ ಬೆಂಗಾಲ್ಸ್ ತಂಡಕ್ಕೆ ಗ್ರೆಗ್ ಕುಕ್ ಎಂಬ ಹೊಸ ಕ್ವಾರ್ಟರ್‌ಬ್ಯಾಕ್ ಬಂದರು. ದೂರಕ್ಕೆ ಎಸೆಯುವ ಅದ್ಭುತ ತೋಳು. ಆ ವರ್ಷವೇ ಭುಜಕ್ಕೆ ಏಟು ಬಿದ್ದು ಅವರ ಆಟ ಹೆಚ್ಚುಕಡಿಮೆ ಮುಗಿದೇ ಹೋಯಿತು. ಅವರ ಜಾಗಕ್ಕೆ 1970ರಲ್ಲಿ ಬಂದವರು ವರ್ಜಿಲ್ ಕಾರ್ಟರ್. ಬುದ್ಧಿವಂತ, ಚುರುಕು, ಆದರೆ ದೂರ ಎಸೆಯುವ ತೋಳಲ್ಲ. ತಂಡದ ಸಹಾಯಕ ತರಬೇತುದಾರ ಬಿಲ್ ವಾಲ್ಷ್ ಇರುವ ತೋಳಿಗೆ ತಕ್ಕ ಆಟ ಕಟ್ಟಿದರು. ಮೈದಾನವನ್ನು ಉದ್ದಕ್ಕೆ ಬಳಸುವ ಬದಲು ಅಗಲಕ್ಕೆ ಬಳಸಿದರು. ಕ್ವಾರ್ಟರ್‌ಬ್ಯಾಕ್ ಹಿಂದಕ್ಕಿಡುವ ಹೆಜ್ಜೆಗಳ ಲೆಕ್ಕಕ್ಕೂ ಚೆಂಡು ಹಿಡಿಯುವವನ ಓಟದ ಅಳತೆಗೂ ತಾಳ ಹಾಕಿದರು. ಐದನೇ ಹೆಜ್ಜೆ ನೆಲಕ್ಕೂರುವಾಗ ಇವನು ತಿರುಗಿರಬೇಕು, ಚೆಂಡು ಹೊರಟಿರಬೇಕು. ಆ ವರ್ಷ ಮೊದಲ ಏಳು ಪಂದ್ಯಗಳಲ್ಲಿ ಆರನ್ನು ಸೋತಿದ್ದ ತಂಡ ಉಳಿದ ಏಳನ್ನೂ ಗೆದ್ದಿತು. 1971ರಲ್ಲಿ ಇಡೀ ಲೀಗಿನಲ್ಲಿ ಗುರಿ ಮುಟ್ಟಿದ ಪಾಸುಗಳ ಶೇಕಡಾವಾರಿನಲ್ಲಿ ಕಾರ್ಟರ್ ಮೊದಲಿಗರಾದರು. ಓಹಾಯೊದಲ್ಲಿ ಹುಟ್ಟಿದ ಈ ಪದ್ಧತಿಗೆ ಮುಂದೆ ಅಂಟಿಕೊಂಡ ಹೆಸರು 'ವೆಸ್ಟ್ ಕೋಸ್ಟ್ ಅಫೆನ್ಸ್'.

ಈ ಕಾರ್ಟರ್ ಅವರದ್ದೇ ಇನ್ನೊಂದು ಸಂಗತಿ ಸಂಶೋಧನಾ ವಿದ್ಯಾರ್ಥಿಯಾದ ನನಗೆ ಪ್ರಿಯವಾದದ್ದು. ಅದೇ 1971ರಲ್ಲಿ ಅವರು ರಾಬರ್ಟ್ ಮಾಕಲ್ ಎಂಬ ಪ್ರಾಧ್ಯಾಪಕರ ಜೊತೆ 'ಆಪರೇಷನ್ಸ್ ರಿಸರ್ಚ್' ಎಂಬ ವಿದ್ವತ್ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಮೈದಾನದ ಯಾವ ಗೆರೆಯಲ್ಲಿ ಚೆಂಡು ನಿಮ್ಮ ಕೈಯಲ್ಲಿದ್ದರೆ ಅದರ ಬೆಲೆ ಸರಾಸರಿ ಎಷ್ಟು ಅಂಕ ಎಂದು ಲೆಕ್ಕ ಹಾಕಿದ ಲೇಖನ. ನಿಮ್ಮದೇ ಗೋಲಿನ ತೀರ ಹತ್ತಿರ ಚೆಂಡಿದ್ದರೆ ಅದರ ಬೆಲೆ ಸೊನ್ನೆಗಿಂತ ಕೆಳಗೆ. ಅಂದರೆ ಅಲ್ಲಿಂದ ಮುಂದೆ ಅಂಕ ಪಡೆಯುವ ಸಾಧ್ಯತೆ ಎದುರಾಳಿಗೇ ಹೆಚ್ಚು. ಇಂದಿನ ಅಂಕಿಅಂಶ ಪಂಡಿತರು ಆಡುವ ಮಾತುಗಳ ಬೇರು ಇಲ್ಲಿದೆ. ಅದನ್ನು ಬರೆದದ್ದು, ತೋಳು ಸಾಲದು ಎಂದು ಎಲ್ಲರೂ ಹೇಳುತ್ತಿದ್ದ ಆಟಗಾರ.

ಹಾಗಾದರೆ ಸಣ್ಣ ಪಾಸ್ ಯಾವಾಗ ಸರಿ? ಮೊದಲ ಡೌನಿನಲ್ಲಿ ಐದು ಗಜ ಸಿಕ್ಕರೆ ಉಳಿದದ್ದು ಐದು ಗಜ, ಮೂರು ಅವಕಾಶ. ಎದುರಾಳಿ ಈಗ ಓಟವನ್ನೂ ಪಾಸನ್ನೂ ಎರಡನ್ನೂ ಕಾಯಬೇಕು. ಎದುರಾಳಿಗಳು ಹೆಚ್ಚು ಜನರನ್ನು ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗಿಸಿದಾಗ, ಅವರು ಬಿಟ್ಟು ಬಂದ ಜಾಗಕ್ಕೇ ತಟ್ಟನೆ ಎಸೆಯುವುದು ಸರಿ. ದೂರದ ಪಾಸಿಗೆ ಹೆದರಿ ಅವರು ಹಿಂದೆ ಹಿಂದೆ ಸರಿದಾಗ, ಎದುರಿಗೆ ಬಿಟ್ಟುಕೊಟ್ಟದ್ದನ್ನು ತೆಗೆದುಕೊಳ್ಳುವುದು ಸರಿ. ಹಿಡಿದ ಮೇಲೆ ಓಡಬಲ್ಲ ಆಟಗಾರರಿದ್ದರೆ ಐದು ಗಜದ ಪಾಸ್ ಹದಿನೈದು ಗಜವಾಗಬಹುದು. ಆದರೆ ಮೂರನೇ ಡೌನ್, ಇನ್ನೂ ಎಂಟು ಗಜ ಬೇಕು, ಹತ್ತಿರದವನ ಸುತ್ತ ಮೂವರು ನಿಂತಿದ್ದಾರೆ, ಆಗ ಅವನಿಗೇ ಮೂರು ಗಜದ ಪಾಸ್ ಕೊಟ್ಟರೆ? ಪಾಸ್ ಗುರಿ ಮುಟ್ಟಿತು, ತಂಡ ಮುಟ್ಟಲಿಲ್ಲ. ಎಸೆದವನ ಶೇಕಡಾವಾರು ಏರುತ್ತದೆ, ಚೆಂಡು ಎದುರಾಳಿಗೆ ಹೋಗುತ್ತದೆ. ಒಂದೇ ಬಗೆಯ ಎಸೆತ, ಒಮ್ಮೆ ಜಾಣತನ, ಇನ್ನೊಮ್ಮೆ ನುಣುಚಿಕೊಳ್ಳುವಿಕೆ.

ಇಲ್ಲಿಯೇ ಲೂಯಿಸ್ ಅವರೊಂದಿಗೆ ನನ್ನ ಜಗಳ. ಅವರ ಒಲವು ಪದ್ಧತಿಯ ಕಡೆಗೆ. ವಾಲ್ಷ್ ಕೈಗೆ ಸಿಕ್ಕ ಕ್ವಾರ್ಟರ್‌ಬ್ಯಾಕ್‌ಗಳು ಒಬ್ಬರಾದ ಮೇಲೊಬ್ಬರು ಮಿಂಚಿದ್ದನ್ನು ತೋರಿಸಿ, ಮಿಂಚಿದ್ದು ಆಟಗಾರನಿಗಿಂತ ಹೆಚ್ಚಾಗಿ ಪದ್ಧತಿ ಎಂಬ ಭಾವನೆ ಮೂಡಿಸುತ್ತಾರೆ. ಅವರ ಉದಾಹರಣೆಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಸ್ಟೀವ್ ಡಿಬರ್ಗ್ ಕೂಡ ಒಬ್ಬರು. 1979ರಲ್ಲಿ ಡಿಬರ್ಗ್ 578 ಪಾಸ್ ಎಸೆದು 347ನ್ನು ಗುರಿ ಮುಟ್ಟಿಸಿದರು. ಎರಡೂ ಅಂದಿಗೆ ಲೀಗಿನ ದಾಖಲೆ. ಆದರೆ ಆ ವರ್ಷ ತಂಡ ಗೆದ್ದದ್ದು 2, ಸೋತದ್ದು 14. ತಂಡದ ಉಳಿದ ಭಾಗವೂ ದುರ್ಬಲವಾಗಿತ್ತು, ನಿಜ. ಹಾಗಿದ್ದರೂ ಈ ಎರಡು ಲೆಕ್ಕಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಪದ್ಧತಿ ಎಲ್ಲಿಯವರೆಗೆ ಕರೆದೊಯ್ಯುತ್ತದೆ, ಎಲ್ಲಿ ಕೈಬಿಡುತ್ತದೆ ಎಂಬುದು ಕಾಣುತ್ತದೆ.

ಪದ್ಧತಿ ಕೊಡುವುದು ಒಂದು ಅನುಕ್ರಮವನ್ನು: ಮೊದಲು ಇವನನ್ನು ನೋಡು, ಇಲ್ಲವಾದರೆ ಅವನನ್ನು, ಅವನೂ ಇಲ್ಲವಾದರೆ ಹತ್ತಿರದವನನ್ನು. ಈ ನೋಟಗಳಿಗೆ ಆಟದ ಭಾಷೆಯಲ್ಲಿರುವ ಹೆಸರು 'ರೀಡ್', ಅಂದರೆ ಓದು. ಇದು ಬರೀ ರೂಪಕವಲ್ಲ ಎಂದು ನನಗನ್ನಿಸುತ್ತದೆ. ಹನ್ನೊಂದು ಜನ ಎದುರಾಳಿಗಳು ಸುಳ್ಳು ಹೇಳುತ್ತ ನಿಂತಿರುವಾಗ, ಅವರ ನಿಲುವಿನಿಂದ ಅವರ ಉದ್ದೇಶವನ್ನು ಎರಡು ಮೂರು ಸೆಕೆಂಡುಗಳಲ್ಲಿ ಬಿಡಿಸಿಕೊಳ್ಳುವುದು ಓದೇ ಸರಿ. ಸಣ್ಣ ಪಾಸ್ ಆ ಓದಿನ ತೀರ್ಮಾನವಾಗಿ ಬಂದರೆ ಅದಕ್ಕೆ ಅರ್ಥವಿದೆ. ಓದಿಗೆ ಬದಲಾಗಿ ಬಂದರೆ ಇಲ್ಲ.

1989ರ ಜನವರಿ 22ರಂದು ಮಯಾಮಿಯಲ್ಲಿ ನಡೆದ ಸೂಪರ್ ಬೌಲ್ ಇದಕ್ಕೆ ಒಳ್ಳೆಯ ಸಾಕ್ಷಿ. ವಾಲ್ಷ್ ಅವರ ಸ್ಯಾನ್ ಫ್ರಾನ್ಸಿಸ್ಕೊ 13–16ರಿಂದ ಹಿಂದಿದೆ. ಎದುರಾಳಿ, ಅವರು ಈ ಆಟವನ್ನು ಕಟ್ಟಿದ ಅದೇ ಸಿನ್ಸಿನಾಟಿ. ಮೂರು ನಿಮಿಷಕ್ಕೆ ತುಸು ಹೆಚ್ಚು ಸಮಯ, 92 ಗಜ ದೂರ. ಯಾರಾದರೂ ದೊಡ್ಡ ಎಸೆತ ಎಸೆಯಬೇಕೆನಿಸುವ ಹೊತ್ತು. ಜೋ ಮೊಂಟಾನಾ ಮೊದಲ ಪಾಸ್ ಎಸೆದದ್ದು ರೋಜರ್ ಕ್ರೇಗ್‌ಗೆ, ಸಿಕ್ಕದ್ದು 8 ಗಜ. ಮುಂದಿನದು ಜಾನ್ ಫ್ರ್ಯಾಂಕ್‌ಗೆ, 7. ಆಮೇಲೆ ಜೆರ್ರಿ ರೈಸ್‌ಗೆ, 7. ಗಡಿಯಾರ ಓಡುತ್ತಿರುವಾಗ ಎರಡು ಬಾರಿ ಓಟವನ್ನೂ ಆಡಿಸಿದರು. ಎದುರಾಳಿಗಳು ದೂರವನ್ನು ಕಾಯುತ್ತಿದ್ದರು. ಮೊಂಟಾನಾ ಹತ್ತಿರವನ್ನು ತೆಗೆದುಕೊಂಡರು. ಆಮೇಲೆ ಸಹ ಆಟಗಾರನೊಬ್ಬನ ತಪ್ಪಿಗೆ ತಂಡ ಹತ್ತು ಗಜ ಹಿಂದೆ ಸರಿಯಬೇಕಾಯಿತು: ಎರಡನೇ ಡೌನ್, 20 ಗಜ ಬೇಕು. ಲೆಕ್ಕ ಬದಲಾಯಿತು, ಓದೂ ಬದಲಾಯಿತು. ಈ ಬಾರಿ ರೈಸ್‌ಗೆ ಕೊಟ್ಟ ಪಾಸಿನಿಂದ 27 ಗಜ ಬಂತು. ಹಿಡಿದ ಮೇಲೆ ಓಡಿ ಗಳಿಸಿದ್ದೂ ಅದರಲ್ಲಿ ಸೇರಿದೆ. 34 ಸೆಕೆಂಡು ಉಳಿದಿರುವಾಗ ಎಲ್ಲರ ಕಣ್ಣೂ ರೈಸ್ ಮೇಲಿತ್ತು. ಚೆಂಡು ಹೋದದ್ದು ಜಾನ್ ಟೇಲರ್ ಕೈಗೆ, ಹತ್ತು ಗಜ. ಆ ಪಂದ್ಯದಲ್ಲಿ ಟೇಲರ್ ಹಿಡಿದದ್ದು ಅದೊಂದೇ ಪಾಸ್. 20–16. ಪದ್ಧತಿ ಎಲ್ಲರಿಗೂ ಗೊತ್ತಿತ್ತು. ಎದುರಾಳಿ ತಂಡದ ತರಬೇತುದಾರ ಸ್ಯಾಮ್ ವೈಶ್ ಹಿಂದೊಮ್ಮೆ ವಾಲ್ಷ್ ಅವರ ಸಹಾಯಕರಾಗಿದ್ದವರೇ. ಗೊತ್ತಿಲ್ಲದ್ದು ಮುಂದಿನ ಓದು.

ಸಣ್ಣದೆಲ್ಲ ಸುರಕ್ಷಿತವಲ್ಲ ಎಂಬುದಕ್ಕೂ ಒಂದು ಸೂಪರ್ ಬೌಲ್ ಇದೆ. 2015ರ ಫೆಬ್ರವರಿ 1ರಂದು ಸಿಯಾಟಲ್ ತಂಡ 24–28ರಿಂದ ಹಿಂದಿತ್ತು, ಗೋಲಿಗೆ ಉಳಿದದ್ದು ಒಂದೇ ಗಜ, ಎರಡನೇ ಡೌನ್. ರಸೆಲ್ ವಿಲ್ಸನ್ ಒಂದು ಪುಟ್ಟ ಪಾಸ್ ಎಸೆದರು. ಇದಕ್ಕೆ ತರ್ಕವಿತ್ತು: ಪಾಸ್ ನೆಲಕ್ಕೆ ಬಿದ್ದರೆ ಗಡಿಯಾರ ನಿಲ್ಲುತ್ತದೆ, ಇನ್ನೆರಡು ಅವಕಾಶ ಉಳಿಯುತ್ತವೆ. ಆದರೆ ನ್ಯೂ ಇಂಗ್ಲೆಂಡ್‌ನ ಮಾಲ್ಕಮ್ ಬಟ್ಲರ್ ಎಂಬ ಹೊಸಬ ಅದೇ ಆಟವನ್ನು ಅಭ್ಯಾಸದಲ್ಲಿ ಕಂಡಿದ್ದರು, ಅಲ್ಲಿ ಸೋತಿದ್ದರು. ಎದುರಾಳಿಗಳು ನಿಂತ ರೀತಿ ಕಂಡೊಡನೆ ಗುರುತಿಸಿ ಚೆಂಡಿನ ದಾರಿಗೆ ಹಾರಿದರು. ಆ ದಿನ ಚೆನ್ನಾಗಿ ಓದಿದವರು ಚೆಂಡು ಎಸೆದವರಲ್ಲ, ಕಾಯುತ್ತಿದ್ದವರು.

ಈ ಆಟದ ಬಗ್ಗೆ ಇಷ್ಟು ಯೋಚಿಸಲು ನನ್ನದೇ ಕಾರಣವೊಂದಿದೆ. ಪಿಎಚ್‌ಡಿಯ ಮೊದಲ ವರ್ಷ ನಾನು ಬರೆದ ಸಂಶೋಧನಾ ಯೋಜನೆ ದೂರದ ಪಾಸು: ನೂರು ವರ್ಷದ ಸಾಹಿತ್ಯವನ್ನು ಒಂದೇ ವಾದದಲ್ಲಿ ಹಿಡಿಯುವ ಆಸೆ. 'ಇದರಲ್ಲಿ ನೀನು ತೋರಿಸಬಲ್ಲದ್ದು ಎಷ್ಟು?' ಎಂದು ಮಾರ್ಗದರ್ಶಕರು ಕೇಳಿದಾಗ ಅವಮಾನವಾಗಿತ್ತು. ಆಮೇಲೆ ಸಣ್ಣ ಪ್ರಬಂಧಗಳನ್ನು ಬರೆಯತೊಡಗಿದೆ. ವಿಚಾರ ಸಂಕಿರಣಕ್ಕೊಂದು, ಸಂಪುಟಕ್ಕೊಂದು. ಯಾರೂ ಒಪ್ಪದೇ ಇರಲಾರದ ಮಾತುಗಳು. ಪಟ್ಟಿ ಬೆಳೆಯಿತು. ಎರಡು ವರ್ಷದ ನಂತರ ತಿರುಗಿ ನೋಡಿದರೆ ಅವುಗಳಲ್ಲಿ ಹೆಚ್ಚಿನವು ಎಂಟು ಗಜ ಬೇಕಿದ್ದಾಗ ಎಸೆದ ಮೂರು ಗಜದ ಪಾಸುಗಳು. ಶೇಕಡಾವಾರು ಚೆನ್ನಾಗಿತ್ತು.

ಹಾಗಾಗಿ 'ಗೇಮ್ ಮ್ಯಾನೇಜರ್' ಎಂಬ ಮೂದಲಿಕೆಯನ್ನು ನಾನು ಒಪ್ಪಲಾರೆ, ಅದಕ್ಕೆ ಉತ್ತರವಾಗಿ ಸಣ್ಣದನ್ನೇ ಹಾಡಿ ಹೊಗಳುವುದನ್ನೂ ಒಪ್ಪಲಾರೆ. ಎರಡೂ ಎಸೆತದ ಉದ್ದವನ್ನಷ್ಟೇ ಅಳೆಯುತ್ತವೆ. ಎಸೆಯುವ ಮುಂಚೆ ಕಣ್ಣು ಎಲ್ಲೆಲ್ಲಿ ಹೋಯಿತು ಎಂದು ಕೇಳುವುದಿಲ್ಲ. 'ದಿ ಬ್ಲೈಂಡ್ ಸೈಡ್' ಕ್ವಾರ್ಟರ್‌ಬ್ಯಾಕ್‌ಗೆ ಕಾಣದ ಬದಿಯ ಬಗ್ಗೆ ಇಷ್ಟು ಚೆನ್ನಾಗಿ ಬರೆದ ಪುಸ್ತಕ. ಅವನು ಕಂಡದ್ದರ ಬಗ್ಗೆ ಇನ್ನೂ ಕೆಲವು ಪುಟ ಬರೆದಿದ್ದರೆ ಆ ಐದು ಗಜದ ಪಾಸಿಗೆ ಪೂರ್ತಿ ನ್ಯಾಯ ಸಿಗುತ್ತಿತ್ತು.